ಬ್ಲಡಿ ರನ್: ಬಿರುದು ಸಿಕ್ಕಿತು, ಕಾವಲು ಸಿಗಲಿಲ್ಲ

ಹೆಸರಿನಲ್ಲಿ ರಕ್ತವಿದ್ದರೂ ಬ್ಲಡಿ ರನ್ ತೊರೆಯ ನೀರು ತಿಳಿ. ಅಮೆರಿಕದ ಐಯೋವಾ ರಾಜ್ಯದ ಈಶಾನ್ಯದಲ್ಲಿ, ಕ್ಲೇಟನ್ ಕೌಂಟಿಯಲ್ಲಿ ಹುಟ್ಟಿ ಮಿಸಿಸಿಪ್ಪಿಗೆ ಸೇರುವ ಈ ಪುಟ್ಟ ಹಳ್ಳದಲ್ಲಿ ಕಂದು ಟ್ರೌಟ್ ಮೀನು ತಾನೇ ಮೊಟ್ಟೆಯಿಟ್ಟು ಮರಿ ಮಾಡುತ್ತದೆ. ಮೆಕ್ಕೆಜೋಳ, ಸೋಯಾ, ಹಂದಿಗಳ ರಾಜ್ಯದಲ್ಲಿ ಅದು ಅಪರೂಪ. ಅದಕ್ಕೇ ಸರ್ಕಾರ ಅದನ್ನು ‘ಔಟ್‌ಸ್ಟ್ಯಾಂಡಿಂಗ್ ಐಯೋವಾ ವಾಟರ್’ ಪಟ್ಟಿಗೆ ಸೇರಿಸಿತ್ತು. ಆ ಬಿರುದಿನ ಬೆಲೆ ಎಷ್ಟೆಂದು ನಂತರದ ವರ್ಷಗಳು ತೋರಿಸಿಕೊಟ್ಟವು.

2017ರ ಸುಮಾರಿಗೆ ಮೊನೋನಾ ಊರಿನ ಬಳಿ, ತೊರೆ ಹುಟ್ಟುವ ಕಡೆಯೇ, ದನ ಸಾಕಿ ಸಗಣಿಯಿಂದ ಅನಿಲ ತೆಗೆಯುವ ಯೋಜನೆ ಬಂತು. ಅನಿಲದ ಮಾತು ಕರಗಿತು, ದನಗಳ ಮಾತು ಉಳಿಯಿತು. ಸುಪ್ರೀಂ ಬೀಫ್ ಎಂಬ ಹೆಸರಿನಲ್ಲಿ 11,600 ದನಗಳನ್ನು ಕೊಬ್ಬಿಸುವ ಕೇಂದ್ರ. ಜೊತೆಗೆ ಸುಮಾರು 3.9 ಕೋಟಿ ಗ್ಯಾಲನ್ ಹಿಡಿಯುವ ಮಣ್ಣಿನ ಹೊಂಡ. ಗೊಬ್ಬರಗುಂಡಿ ಎನ್ನಲು ನಾಲಿಗೆ ಹೊರಳದು. ಅದು ಸಗಣಿ, ಗಂಜಲದ ಕೆರೆ.

ಸಗಣಿ ವಿಷವಲ್ಲ, ಹೊಲಕ್ಕೆ ಬಂಗಾರ. ತಕರಾರು ಅದರ ರಾಶಿಯದು, ಅದಕ್ಕಿಂತ ಹೆಚ್ಚಾಗಿ ಅದರಡಿಯ ನೆಲದ್ದು. ಕೊನೆಯ ಹಿಮಯುಗದ ಹಿಮನದಿಗಳು ಉಜ್ಜದೆ ಬಿಟ್ಟ ಈ ‘ಡ್ರಿಫ್ಟ್‌ಲೆಸ್’ ಸೀಮೆಯಲ್ಲಿ ತೆಳು ಮಣ್ಣಿನಡಿ ಸುಣ್ಣಕಲ್ಲು. ಕಲ್ಲಿನ ತುಂಬ ಬಿರುಕು, ಪೊಟರೆ, ಅಲ್ಲಲ್ಲಿ ಕುಸಿಯುವ ನೆಲ. ಮೇಲೆ ಬಿದ್ದ ನೀರು ಸೋಸಿಕೊಳ್ಳಲು ಪುರುಸೊತ್ತಿಲ್ಲದೆ ಒಳಗಿಳಿದು ಇನ್ನೆಲ್ಲೋ ಊಟೆಯಾಗಿ ಚಿಮ್ಮುತ್ತದೆ. ಬೇಸಿಗೆಯಲ್ಲೂ ತಣ್ಣಗಿರುವ ಆ ಊಟೆಯಿಂದಲೇ ಟ್ರೌಟ್ ಬದುಕಿದೆ. ಅದೇ ದಾರಿಯಲ್ಲಿ ನೈಟ್ರೇಟ್ ಊರವರ ಬಾವಿಗೂ ಇಳಿಯಬಲ್ಲದು. ಗೊಬ್ಬರದ ನೀರು ನೇರ ಹಳ್ಳಕ್ಕೆ ನುಗ್ಗಿದರಂತೂ ಅಮೋನಿಯಾ ಮೀನನ್ನು ಕೊಲ್ಲುತ್ತದೆ, ಕೊಳೆಯುವ ಸಗಣಿ ನೀರಿನ ಆಮ್ಲಜನಕವನ್ನೇ ನುಂಗುತ್ತದೆ.

ಇಷ್ಟಿದ್ದೂ ಜಗಳ ಹೆಚ್ಚಾಗಿ ಒಂದು ಕಡತದ ಸುತ್ತ ನಡೆಯಿತು: ಗೊಬ್ಬರವನ್ನು ಯಾವ ಹೊಲಕ್ಕೆ ಎಷ್ಟು ಚೆಲ್ಲುತ್ತೇವೆಂಬ ಯೋಜನೆ. 2021ರ ಏಪ್ರಿಲ್‌ನಲ್ಲಿ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಅದಕ್ಕೆ ಒಪ್ಪಿಗೆ ಕೊಟ್ಟಿತು. ಪರಿಸರ ಸಂಘಟನೆಗಳಾದ ಸಿಯೆರ್ರಾ ಕ್ಲಬ್‌ನ ಐಯೋವಾ ಶಾಖೆ, ಟ್ರೌಟ್ ಅನ್‌ಲಿಮಿಟೆಡ್ ಕೋರ್ಟಿಗೆ ಹೋದವು. 2023ರ ಏಪ್ರಿಲ್‌ನಲ್ಲಿ ನ್ಯಾಯಾಧೀಶ ಸ್ಕಾಟ್ ರೋಸೆನ್‌ಬರ್ಗ್ ಆ ಒಪ್ಪಿಗೆಯನ್ನು ರದ್ದುಮಾಡಿದರು. ತೊರೆಯ ಪರವಾದ ದೊಡ್ಡ ಗೆಲುವು ಅದು, ನಿಜ. ಆದರೆ ಅದೇ ವರ್ಷದ ನವೆಂಬರ್‌ನಲ್ಲಿ ಇಲಾಖೆ ಹೊಸ ಯೋಜನೆಗೆ ಮತ್ತೆ ಮೊಹರು ಒತ್ತಿತು, ವಿರೋಧಿಗಳು ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಿದರು.

ತೊರೆ ಸೋತದ್ದು ಎಲ್ಲಿ? ಲೆಕ್ಕದಲ್ಲಿ ತಪ್ಪು ಹಿಡಿದರೆ ಲೆಕ್ಕ ತಿದ್ದಿಕೊಂಡು ಬರುತ್ತಾರೆ. ಇಂಥ ಕಲ್ಲಿನ ಮೇಲೆ ಇಂಥ ಹೊಂಡ ಇರಬೇಕೇ ಎಂಬ ಮೊದಲ ಪ್ರಶ್ನೆ ಗೊಬ್ಬರದ ಕಡತದ ಯಾವ ಪುಟದಲ್ಲೂ ಮುಖ್ಯವಾಗಲಿಲ್ಲ. ಹೋರಾಟಗಾರರ ಶ್ರಮವನ್ನು ಹಗುರ ಮಾಡುವ ಮಾತಲ್ಲ ಇದು. ಅವರಿಲ್ಲದಿದ್ದರೆ ಆ ಕಡತವನ್ನು ಹೊರಗಿನವರು ಬಿಡಿಸಿ ನೋಡುತ್ತಲೇ ಇರಲಿಲ್ಲ. ಆದರೆ ಕಾನೂನು ಅವರ ಕೈಗೆ ಮುಖ್ಯವಾಗಿ ಕೊಟ್ಟಿದ್ದು ಆ ಕಡತವನ್ನೇ.