ಅರಳುಮರಳೆಂದು ಕೈಚೆಲ್ಲುವುದು ಸಲ್ಲದು

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ನಮ್ಮಲ್ಲಿ ಒಂದು ಕಾಯಿಲೆಯನ್ನೇ ಮರೆಮಾಚಿದೆ. ಹಿರಿಯರು ಉಂಡದ್ದನ್ನು ಮರೆತು ಮತ್ತೆ ಊಟ ಕೇಳಿದರೆ, ಹುಟ್ಟಿ ಬೆಳೆದ ಊರಿನಲ್ಲೇ ದಾರಿ ತಪ್ಪಿದರೆ, ಅದು ವಯೋಧರ್ಮವೆಂದು ಭಾವಿಸಿ ಸುಮ್ಮನಾಗುತ್ತೇವೆ. ಇದು ಮಿದುಳಿನ ರೋಗವಾಗಿರಬಹುದೆಂಬುದಕ್ಕೆ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್ 1906ರಲ್ಲೇ ಪುರಾವೆ ಒದಗಿಸಿದ್ದರು.

ಅರವತ್ತು ದಾಟಿದ ಭಾರತೀಯರಲ್ಲಿ ಶೇ 7.4ರಷ್ಟು ಮಂದಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದು ಅಂದಾಜಿಸಿತು. ಇದಕ್ಕೆ ಅತಿ ಸಾಮಾನ್ಯ ಕಾರಣ ಆಲ್ಝೈಮರ್ ಕಾಯಿಲೆ. 2011ರ ಜನಗಣತಿಯಂತೆ ಮಂಡ್ಯ ಜಿಲ್ಲೆಯ ಜನಸಂಖ್ಯೆ ಸುಮಾರು 18 ಲಕ್ಷ. ಅವರಲ್ಲಿ ಹತ್ತಕ್ಕೊಬ್ಬರು ಹಿರಿಯರೆಂದು ಇಟ್ಟುಕೊಂಡರೂ ಡಿಮೆನ್ಷಿಯಾ ಪೀಡಿತರ ಸಂಖ್ಯೆ 13 ಸಾವಿರ ಮುಟ್ಟುತ್ತದೆ. ಇದು ಅಂದಾಜೇ ಹೊರತು ಗಣತಿಯಲ್ಲ. ಆದರೂ ಕಡೆಗಣಿಸುವಷ್ಟು ಸಣ್ಣ ಸಂಖ್ಯೆಯಲ್ಲ.

ಈ ರೋಗದಲ್ಲಿ ಎರಡು ಪ್ರೋಟೀನುಗಳು ಮಿದುಳಿನಲ್ಲಿ ಶೇಖರವಾಗುತ್ತವೆ. ನರಕೋಶಗಳ ಹೊರಗೆ ಅಮೈಲಾಯ್ಡ್ ಬೀಟಾ ಗಡ್ಡೆಗಟ್ಟುತ್ತದೆ. ಒಳಗೆ ಟೌ ಸಿಕ್ಕುಗಟ್ಟುತ್ತದೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ನಾಲೆಯಲ್ಲಿ ಹೂಳು ತುಂಬಲು ಎರಡು ಕಾರಣಗಳುಂಟು: ಮಣ್ಣು ಹೆಚ್ಚಾಗಿ ಹರಿದು ಬರುವುದು, ಇಲ್ಲವೇ ಬಂದ ಮಣ್ಣು ತೆರವಾಗದೆ ಉಳಿಯುವುದು. ಎಪಿಪಿ, ಪ್ರೆಸೆನಿಲಿನ್ ಎಂಬ ವಂಶವಾಹಿಗಳ ದೋಷ ಮೊದಲ ಬಗೆಯದು. ಅದು ಅಂಟುಗುಣದ ಅಮೈಲಾಯ್ಡ್ ಉತ್ಪತ್ತಿಯನ್ನು ಹೆಚ್ಚಿಸಿ ನಡುವಯಸ್ಸಿನಲ್ಲೇ ರೋಗ ತರುತ್ತದೆ. ಇಂಥ ಪ್ರಕರಣಗಳು ನೂರಕ್ಕೆ ಒಂದಕ್ಕಿಂತ ಕಡಿಮೆ.

ಎರಡನೆಯ ಬಗೆಯೇ ಹೆಚ್ಚು ವ್ಯಾಪಕ. ಕೊಬ್ಬನ್ನು ಸಾಗಿಸುವ ಪ್ರೋಟೀನನ್ನು ರೂಪಿಸುವ ಅಪೊ-ಇ ವಂಶವಾಹಿಗೂ ಈ ರೋಗಕ್ಕೂ ಇರುವ ನಂಟನ್ನು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 1993ರಲ್ಲಿ ಪ್ರಕಟಿಸಿದರು. ಅದರ ಮೂರು ರೂಪಗಳಲ್ಲಿ ನಾಲ್ಕನೆಯದೆಂದು ಹೆಸರಾದ ಇ-4, ಅಮೈಲಾಯ್ಡ್ ತೆರವಾಗುವುದನ್ನು ನಿಧಾನಗೊಳಿಸುತ್ತದೆ. ಹೆತ್ತವರಲ್ಲಿ ಒಬ್ಬರಿಂದ ಬಂದರೆ ಅಪಾಯ ಎರಡು-ಮೂರು ಪಟ್ಟು, ಇಬ್ಬರಿಂದಲೂ ಬಂದರೆ ಎಂಟರಿಂದ ಹನ್ನೆರಡು ಪಟ್ಟು ಹೆಚ್ಚುತ್ತದೆಂದು ಮುಖ್ಯವಾಗಿ ಯುರೋಪ್ ಮೂಲದವರ ಅಧ್ಯಯನಗಳು ಹೇಳುತ್ತವೆ.

ನಮ್ಮ ಸೀಮೆಯ ಪದ್ಧತಿಯೊಂದು ಇಲ್ಲಿ ವಿಚಾರಾರ್ಹ. ಸೋದರಮಾವನಿಗೆ ಹೆಣ್ಣು ಕೊಡುವ ರೂಢಿ ಇನ್ನೂ ಅಳಿದಿಲ್ಲ. ಹರಿಯಾಣದ ಬಲ್ಲಭಗಢದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇ-4ರ ಪ್ರಮಾಣ ಶೇ 7ರಷ್ಟಿತ್ತು. ಅದನ್ನೇ ಆಧಾರವಾಗಿಟ್ಟು ಲೆಕ್ಕ ಹಾಕಿದರೆ, ಸಂಬಂಧವಿಲ್ಲದ ದಂಪತಿಗಳ 10,000 ಮಕ್ಕಳಲ್ಲಿ ಸುಮಾರು 49 ಮಂದಿಗೆ ಎರಡೂ ಕಡೆಯಿಂದ ಇ-4 ಬರುತ್ತದೆ. ಮಾವ-ಸೊಸೆ ವಿವಾಹದ ಮಕ್ಕಳಲ್ಲಿ ಈ ಸಂಖ್ಯೆ 130ಕ್ಕೇರುತ್ತದೆ. ಗಾಬರಿಪಡುವ ಸಂಖ್ಯೆ ಇದಲ್ಲ. ಆದರೆ ರಕ್ತಸಂಬಂಧದ ಮದುವೆಯ ಪರಿಣಾಮ ಬಾಲ್ಯದ ಕಾಯಿಲೆಗಳಿಗಷ್ಟೇ ಸೀಮಿತವಲ್ಲವೆಂಬ ಅರಿವು ಇರಬೇಕು.

ಹಾಗೆಂದು ಎಲ್ಲರೂ ವಂಶವಾಹಿ ಪರೀಕ್ಷೆಗೆ ಹಣ ಸುರಿಯಬೇಕಿಲ್ಲ. ಇ-4 ಇದ್ದವರೆಲ್ಲ ರೋಗಿಗಳಾಗುವುದಿಲ್ಲ. ಇಲ್ಲದವರಿಗೂ ರೋಗ ಬರುತ್ತದೆ. ಅಮೈಲಾಯ್ಡ್ ತೆಗೆಯುವ ಹೊಸ ಔಷಧಿಗಳನ್ನು ಕೊಡುವ ಮುನ್ನ ಈ ಪರೀಕ್ಷೆ ಅಗತ್ಯ; ಏಕೆಂದರೆ ಇ-4 ಉಳ್ಳವರಲ್ಲಿ ಅವುಗಳಿಂದ ಮಿದುಳಿನ ಊತ ಮತ್ತು ರಕ್ತಸ್ರಾವದ ಅಪಾಯ ಹೆಚ್ಚು. ಆರೋಗ್ಯವಂತರಿಗೆ ಆ ಫಲಿತಾಂಶ ಆತಂಕದ ಹೊರತು ಹೆಚ್ಚೇನನ್ನೂ ಕೊಡದು.

ಹಣ ತೊಡಗಿಸಬೇಕಾದ ಜಾಗ ಬೇರೆ ಇದೆ. ರಕ್ತದೊತ್ತಡ, ಮಧುಮೇಹ, ಶ್ರವಣದೋಷ, ಧೂಮಪಾನ, ಶಿಕ್ಷಣದ ಕೊರತೆ, ಒಂಟಿತನ ಸೇರಿದಂತೆ 14 ಅಂಶಗಳನ್ನು ಸರಿಪಡಿಸಿದರೆ ಜಗತ್ತಿನ ಶೇ 45ರಷ್ಟು ಡಿಮೆನ್ಷಿಯಾವನ್ನು ತಡೆಯಬಹುದು ಅಥವಾ ಮುಂದೂಡಬಹುದೆಂದು ಲ್ಯಾನ್ಸೆಟ್ ಆಯೋಗ 2024ರಲ್ಲಿ ಹೇಳಿತು. ಪ್ರೋಟೀನು ಶೇಖರಣೆ ಮರೆವು ಕಾಣಿಸಿಕೊಳ್ಳುವ ಹದಿನೈದು-ಇಪ್ಪತ್ತು ವರ್ಷ ಮೊದಲೇ ಆರಂಭವಾಗುತ್ತದೆ. ಆದ್ದರಿಂದ ಜಾಗ್ರತೆ ನಲವತ್ತೈದರಿಂದಲೇ ಮೊದಲಾಗಬೇಕು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಆ ವಯಸ್ಸು ದಾಟಿದ ಗ್ರಾಮಸ್ಥರನ್ನೇ ದೀರ್ಘಕಾಲೀನ ಅಧ್ಯಯನಕ್ಕೆ ಆರಿಸಿಕೊಂಡಿರುವುದು ಗಮನಾರ್ಹ.

ನಿಮ್ಹಾನ್ಸ್ ಸಹಯೋಗದಲ್ಲಿ ಸರ್ಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮ ಸರಿಯಾದ ಹೆಜ್ಜೆ. ಇಂಥ ಸೇವೆಯ ಬೆಲೆ ನಿರ್ಧಾರವಾಗುವುದು ತಾಲ್ಲೂಕು ಮಟ್ಟದಲ್ಲಿ. ಮದ್ದೂರು, ಮಳವಳ್ಳಿಯ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ನೆನಪಿನ ತಪಾಸಣೆ ನಡೆಯಲಿ. ಆಶಾ ಕಾರ್ಯಕರ್ತೆಯರಿಗೆ ತರಬೇತಿಯೊಂದಿಗೆ ತಕ್ಕ ಗೌರವಧನವೂ ಸಿಗಲಿ. ಮಂಡ್ಯದ ವೈದ್ಯಕೀಯ ಕಾಲೇಜು ಮಾರ್ಗದರ್ಶನ ವಹಿಸಲಿ. ದುಡಿಯುವ ಮಕ್ಕಳು ಬೆಂಗಳೂರು ಸೇರಿರುವಾಗ ಹಿರಿಯರ ಆರೈಕೆ ಮನೆಯಲ್ಲಿ ಉಳಿದ ಸೊಸೆಯ ಅಥವಾ ಮಗಳ ಹೆಗಲಿಗೆ ಬೀಳುತ್ತದೆ. ಆ ದುಡಿಮೆ ಜಿಲ್ಲೆಯ ವರಮಾನದ ಯಾವ ಲೆಕ್ಕದಲ್ಲೂ ಕಾಣುವುದಿಲ್ಲ. ಅವರಿಗೆ ವಾರಕ್ಕೆ ಎರಡು ದಿನವಾದರೂ ಬಿಡುವು ಕೊಡುವ ಹಗಲು ಆರೈಕೆ ಕೇಂದ್ರಗಳನ್ನು ಮುಂದಿನ ಆಯವ್ಯಯದಲ್ಲಿ ಸೇರಿಸುವುದು ದಾನವಲ್ಲ, ಬಾಕಿಯ ಪಾವತಿ. ವಂಶವಾಹಿಯನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ತಾಲ್ಲೂಕು ಆಸ್ಪತ್ರೆಯನ್ನು ಬದಲಿಸುವುದು ಖಂಡಿತ ಇದೆ.