ಪಟ್ಟಣದ ಗೊಬ್ಬರ, ಹಳ್ಳಿಯ ಹೊಲ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಉಪವಿಭಾಗವೆನಿಸಿವೆ. ಬಹುಮಟ್ಟಿಗೆ ಮಳೆಯನ್ನೇ ನಂಬಿ ರಾಗಿ, ಕಡಲೆಕಾಯಿಗಳನ್ನು ಬೆಳೆಯುವ ಕೆಮ್ಮಣ್ಣಿನ ಸೀಮೆಯಿದು. ಬಿದ್ದ ಅಲ್ಪ ಮಳೆಯನ್ನು ಹಿಡಿದಿಡುವ ಶಕ್ತಿಯನ್ನು ಈ ಮಣ್ಣಿಗೆ ಕೊಡತಕ್ಕದ್ದು ಗೊಬ್ಬರವೇ. ಕೊಟ್ಟಿಗೆಯ ಗೊಬ್ಬರವು ದುರ್ಲಭವಾಗುತ್ತಿರುವ ಈ ಕಾಲದಲ್ಲಿ ಪಟ್ಟಣದ ಕಸವು ಗೊಬ್ಬರವಾಗಿ ಹೊಲವನ್ನು ಸೇರಬೇಕೆಂಬುದು ನ್ಯಾಯವಾದ ಮಾತೇ ಸರಿ. ಆದರೆ ಅದರೊಡನೆ ಪ್ಲಾಸ್ಟಿಕ್ಕಿನ ಪುಡಿಯೂ ಸೇರುವುದಾದರೆ ಪಟ್ಟಣವು ಹಳ್ಳಿಗೆ ಮಾಡಿದ್ದು ಉಪಕಾರವೋ, ಅಪಕಾರವೋ?

ಕಸದಿಂದ ಗೊಬ್ಬರ ಮಾಡುವ ವಿದ್ಯೆ ನಮಗೆ ಹೊಸದಲ್ಲ. 1930ರ ದಶಕದ ಕೊನೆಯಲ್ಲಿ ಆಚಾರ್ಯರೆಂಬ ವಿಜ್ಞಾನಿಗಳು ರೂಪಿಸಿದ ವಿಧಾನವು ‘ಬೆಂಗಳೂರು ಪದ್ಧತಿ’ಯೆಂದು ಹೊರದೇಶಗಳಲ್ಲಿಯೂ ಹೆಸರಾಯಿತು. ಅಂದಿನ ಕಸದಲ್ಲಿದ್ದುದು ಬಹುತೇಕ ಸೊಪ್ಪು, ಸಿಪ್ಪೆ, ಬೂದಿ, ಸಗಣಿ. ಮಣ್ಣು ಅವನ್ನೆಲ್ಲ ತನ್ನದಾಗಿ ಮಾಡಿಕೊಳ್ಳುತ್ತಿತ್ತು. ಇಂದಿನ ಕಸದ ಮಾತೇ ಬೇರೆ. ಪಾಲಿಥಿನ್ ಚೀಲವು ಬಿಸಿಲಿಗೂ ತಿರುವಿಕೆಗೂ ಸಿಕ್ಕಿ ಹರಿಯುತ್ತದೆ, ಚೂರಾಗುತ್ತದೆ, ಆದರೆ ಕೊಳೆಯುವುದಿಲ್ಲ. ಐದು ಮಿಲಿಮೀಟರಿಗಿಂತ ಸಣ್ಣದಾದ ಚೂರನ್ನು ಸೂಕ್ಷ್ಮ ಪ್ಲಾಸ್ಟಿಕ್ ಎನ್ನುತ್ತಾರೆ. ಪಟ್ಟಣದ ಗೊಬ್ಬರದಲ್ಲಿ ನೂರಕ್ಕೆ ತೊಂಬತ್ತು ಪಾಲು ನಾಲ್ಕು ಮಿಲಿಮೀಟರ್ ಜರಡಿಯಲ್ಲಿ ಇಳಿಯಬೇಕೆಂಬುದು ರಸಗೊಬ್ಬರ ನಿಯಂತ್ರಣಾಜ್ಞೆಯ ನಿಯಮ. ಜರಡಿಯು ತಡೆಯುವುದು ದೊಡ್ಡ ಚೂರನ್ನು. ಸೂಕ್ಷ್ಮವಾದುದು ಸಲೀಸಾಗಿ ಇಳಿದುಹೋಗುತ್ತದೆ! ಸೀಸ, ಕ್ಯಾಡ್ಮಿಯಂಗಳಿಗೆ ಮಿತಿಯನ್ನು ಗೊತ್ತುಮಾಡಿರುವ ಆ ಆಜ್ಞೆಯು ಈ ಪುಡಿಗೆ ಮಿತಿಯನ್ನು ಹೇಳಿಲ್ಲ.

ವಿಜ್ಞಾನವು ಇದಕ್ಕೆ ಪರಿಹಾರವನ್ನು ಹುಡುಕುತ್ತಿರುವುದು ಸಂತೋಷದ ಸಂಗತಿ. ನೀರಿನ ಬಾಟಲಿಯ ಪ್ಲಾಸ್ಟಿಕ್ಕನ್ನು ಉಂಡು ಬದುಕುವ ಸೂಕ್ಷ್ಮಜೀವಿಯೊಂದು ಜಪಾನಿನ ಸಕಾಯ್ ನಗರದಲ್ಲಿ ದೊರೆತುದನ್ನು 2016ರಲ್ಲಿ ಪ್ರಕಟಿಸಿದರು. ಅದಕ್ಕೂ ಮೊದಲೇ, 2012ರಲ್ಲಿ, ಅದೇ ದೇಶದ ಎಲೆಗೊಬ್ಬರದೊಳಗಿನ ಜೀವಿಗಳಿಂದ ಮತ್ತೊಂದು ಕಿಣ್ವವು, ಎಂದರೆ ಜೀರ್ಣಕಾರಿ ದ್ರವ್ಯವು, ಪತ್ತೆಯಾಗಿತ್ತು. ಫ್ರಾನ್ಸಿನ ವಿಜ್ಞಾನಿಗಳು ಅದನ್ನು ತಿದ್ದಿ, 72 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಹತ್ತು ಗಂಟೆಗಳೊಳಗೆ ಬಾಟಲಿಯ ಪ್ಲಾಸ್ಟಿಕ್ಕಿನ ನೂರಕ್ಕೆ ತೊಂಬತ್ತು ಪಾಲನ್ನು ಮೂಲದ್ರವ್ಯಗಳಾಗಿ ಬಿಡಿಸಿದುದನ್ನು 2020ರಲ್ಲಿ ತಿಳಿಸಿದರು. ಅದೇ ವರ್ಷ ಚೀನದಿಂದ ಬಂದ ವರದಿಯಂತೆ, ಚರಂಡಿಯ ಕೆಸರನ್ನು ಅತಿ ಶಾಖದಲ್ಲಿ 45 ದಿನ ಕೊಳೆಸಿದಾಗ ಅದರೊಳಗಿನ ಸೂಕ್ಷ್ಮ ಪ್ಲಾಸ್ಟಿಕ್ಕಿನಲ್ಲಿ ನೂರಕ್ಕೆ ಸುಮಾರು 44 ಪಾಲು ಇಲ್ಲವಾಯಿತು.

ಆದರೆ ಇದನ್ನು ಕೇಳಿ ನಾವು ಮೈಮರೆಯಲಾಗದು. ಬಾಟಲಿಯ ಪ್ಲಾಸ್ಟಿಕ್ಕಿನ ಕೊಂಡಿಗಳನ್ನು ಕತ್ತರಿಸುವ ಆ ಕಿಣ್ವವು ಪಾಲಿಥಿನ್ನಿನ ಇಂಗಾಲದ ಸರಪಣಿಯನ್ನು ಕತ್ತರಿಸಲಾರದು. ನಮ್ಮ ಕಸದಲ್ಲಿ ಹೆಚ್ಚಾಗಿರುವುದೋ ಪಾಲಿಥಿನ್ನಿನ ಚೀಲವೇ. ಫ್ರಾನ್ಸಿನ ಪ್ರಯೋಗವು ನಡೆದುದು ಪುಡಿಮಾಡಿದ ಪ್ಲಾಸ್ಟಿಕ್ಕಿನ ಮೇಲೆ, ಯಂತ್ರಪಾತ್ರೆಯೊಳಗೆ, ಗೊಬ್ಬರದ ಗುಂಡಿಯಲ್ಲಲ್ಲ. ಸಾಧಾರಣವಾದ ಗೊಬ್ಬರದ ರಾಶಿಯ ಶಾಖವು 55ರಿಂದ 65 ಡಿಗ್ರಿಯ ಆಸುಪಾಸಿನದು. ಚೀನದ ಪ್ರಯೋಗದಲ್ಲಿಯೂ ಅರ್ಧಕ್ಕಿಂತ ಹೆಚ್ಚು ಉಳಿದೇ ಹೋಯಿತೆಂಬುದನ್ನು ಮರೆಯಬಾರದು. ಹೊಲಕ್ಕೆ ಒಮ್ಮೆ ಬಿದ್ದ ಪುಡಿಯನ್ನು ಮರಳಿ ಆರಿಸುವ ಉಪಾಯವಂತೂ ಯಾರಲ್ಲಿಯೂ ಇಲ್ಲ. ಎರೆಹುಳುವಿನ ಬೆಳವಣಿಗೆಗೆ ಅದರಿಂದ ಕುಂದುಂಟಾಗುವುದು ಪ್ರಯೋಗಗಳಲ್ಲಿ ಕಂಡುಬಂದಿದೆ.

ಆದುದರಿಂದ ಕಿಣ್ವವು ಬರುವವರೆಗೆ ಕಾಯದೆ, ಪ್ಲಾಸ್ಟಿಕ್ಕು ಗುಂಡಿಗೆ ಬೀಳದಂತೆ ನೋಡಿಕೊಳ್ಳುವುದೇ ಮೊದಲ ಕರ್ತವ್ಯ. ಮನೆಯಲ್ಲಿಯೇ ಹಸಿಕಸ, ಒಣಕಸಗಳನ್ನು ಬೇರ್ಪಡಿಸಬೇಕೆಂಬ ನಿಯಮವೂ, ಪ್ಲಾಸ್ಟಿಕ್ ಕೈಚೀಲವನ್ನು ನಿಷೇಧಿಸಿದ ರಾಜ್ಯದ ಆಜ್ಞೆಯೂ 2016ರಷ್ಟು ಹಳೆಯವು. ಸಂತೆ ಮುಗಿದ ಸಂಜೆ ಮೈದಾನವನ್ನು ನೋಡಿದವರಿಗೆ ಅವು ಎಷ್ಟರಮಟ್ಟಿಗೆ ನಡೆಯುತ್ತಿವೆಯೆಂದು ಹೇಳಬೇಕಾಗಿಲ್ಲ. ನಾಲ್ಕು ಪಟ್ಟಣಗಳ ಸ್ಥಳೀಯ ಸಂಸ್ಥೆಗಳೂ ಬೆರಕೆ ಕಸವನ್ನು ಗೊಬ್ಬರದ ಗುಂಡಿಗೆ ಹಾಕಗೊಡಬಾರದು. ರೈತನಿಗೆ ಕೊಡುವ ಮುನ್ನ ಗೊಬ್ಬರದಲ್ಲಿ ಪ್ಲಾಸ್ಟಿಕ್ಕಿನ ಅಂಶವೆಷ್ಟೆಂದು ಪರೀಕ್ಷೆ ಮಾಡಿಸಿ ಪ್ರಕಟಿಸಬೇಕು. ಸರ್ಕಾರವು ಅದಕ್ಕೊಂದು ಮಿತಿಯನ್ನು ಗೊತ್ತುಮಾಡಬೇಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವೂ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವೂ ಸೂಕ್ಷ್ಮಜೀವಿಗಳ ಪ್ರಯೋಗವನ್ನು ಈ ಸೀಮೆಯ ಗೊಬ್ಬರದಲ್ಲಿಯೇ ನಡೆಸಿ ನೋಡುವುದು ಯುಕ್ತ.

ಪಟ್ಟಣಿಗರು ಉಣ್ಣುವ ರಾಗಿ ಬರುವುದು ಆ ಹೊಲಗಳಿಂದಲೇ. ಅನ್ನ ಕೊಟ್ಟ ಮಣ್ಣಿಗೆ ನಾವು ಹಿಂದಿರುಗಿಸುವುದು ಗೊಬ್ಬರವೇ ಆಗಿರಲಿ. ಪೌರ ಮಹಾಜನರೂ ಅಧಿಕಾರಿವರ್ಗದವರೂ ಇತ್ತ ಲಕ್ಷ್ಯವೀಯುವರೆಂದು ನಂಬಿದ್ದೇವೆ.