ಪಂದ್ಯ ಆಡಿದಷ್ಟೂ ದೇಹ ಗಟ್ಟಿಯಾಗುತ್ತದೆಯೇ? ಐರ್ಲೆಂಡ್‌ನ ಜನವರಿ ಟೂರ್ನಿಗಳನ್ನು ನೋಡಿ

"ಜಿಮ್ಮೂ ಬೇಡ, ಕೋಚೂ ಬೇಡ, ಆಡ್ತಾ ಆಡ್ತಾ ಫಿಟ್‌ನೆಸ್ ತಾನಾಗೇ ಬರುತ್ತೆ." ಕೆಸರಿನಲ್ಲಿ ಬಿದ್ದು ಎದ್ದು ಓಡುವ ಆಟಗಾರರ ವಿಡಿಯೊ ಜೊತೆ ಇಂಥ ಸಾಲು ನಿಮ್ಮ ವಾಟ್ಸ್ಆ್ಯಪ್‌ಗೂ ಬಂದಿರಬಹುದು. ಕೇಳಲು ಚೆನ್ನಾಗಿದೆ, ಆದರೆ ಅರ್ಧ ಮಾತ್ರ ನಿಜ. ಉಳಿದರ್ಧ ಅರ್ಥವಾಗಬೇಕಾದರೆ ಐರ್ಲೆಂಡ್‌ನಲ್ಲಿ ಆಡುವ ಗೇಲಿಕ್ ಫುಟ್‌ಬಾಲ್ ನೋಡುವುದು ಒಳ್ಳೆಯದು.

ಈ ಆಟದಲ್ಲಿ ತಂಡಕ್ಕೆ 15 ಜನ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಕಾಲಿನಿಂದ ಒದೆಯಬಹುದು. ಬಲೆಯೊಳಗೆ ಹೋದರೆ 3 ಅಂಕ. ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿನಿಂದ ದಾಟಿದರೆ ಸಾಮಾನ್ಯವಾಗಿ 1 ಅಂಕ. ಕೌಂಟಿ ಮಟ್ಟದ ಪಂದ್ಯ 70 ನಿಮಿಷದ್ದು. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಮುಖ್ಯ ವಿಷಯ ಏನೆಂದರೆ, ಈ ಆಟಗಾರರಿಗೆ ಸಂಬಳವಿಲ್ಲ. ಹಗಲು ಕೆಲಸ ಅಥವಾ ಕಾಲೇಜು, ಸಂಜೆ ಮೈದಾನ.

ಐರ್ಲೆಂಡ್‌ನ ನಾಲ್ಕು ಪ್ರಾಂತ್ಯಗಳಿಗೂ ಸೀಸನ್‌ಗೆ ಮುಂಚಿನ ಒಂದೊಂದು ಟೂರ್ನಿ ಇದೆ. ಅಲ್ಸ್ಟರ್‌ನಲ್ಲಿ 1925ರಿಂದ ಮೆಕೆನ್ನಾ ಕಪ್, ಲೆನ್ಸ್ಟರ್‌ನಲ್ಲಿ 1954ರಿಂದ ಓಬರ್ನ್ ಕಪ್, ಮನ್ಸ್ಟರ್‌ನಲ್ಲಿ 1981ರಿಂದ ಮೆಕ್‌ಗ್ರಾ ಕಪ್, ಕನಾಟ್‌ನಲ್ಲಿ ಎಫ್‌ಬಿಡಿ ಲೀಗ್. ಇವು ನಡೆಯುವುದು ಬಹುಮಟ್ಟಿಗೆ ಜನವರಿಯಲ್ಲಿ, ಅಲ್ಲಿನ ಕಡು ಚಳಿ ಮಳೆಯಲ್ಲಿ. ಮೈದಾನಗಳ ಸ್ಥಿತಿ ಎಷ್ಟು ಹದಗೆಡುತ್ತದೆಂದರೆ, 2022ರ ಜನವರಿಯಲ್ಲಿ ಮೇಯೊ ಮತ್ತು ಗಾಲ್ವೇ ನಡುವಿನ ಪಂದ್ಯವನ್ನು ಗಾಳಿ ತುಂಬಿದ ದೊಡ್ಡ ಗುಮ್ಮಟದ ಒಳಗೇ ಆಡಿಸಿದರು.

ಈ ಟೂರ್ನಿಗಳಲ್ಲಿ ಕೌಂಟಿ ತಂಡಗಳ ಜೊತೆ ಎಷ್ಟೋ ವರ್ಷ ಕಾಲೇಜು ತಂಡಗಳೂ ಆಡಿದವು. ತೊಡಕು ಇಲ್ಲೇ ಇದ್ದದ್ದು. ಇಪ್ಪತ್ತರ ಹುಡುಗನೊಬ್ಬ ಚೆನ್ನಾಗಿ ಆಡಿದರೆ ಅವನು ಕೌಂಟಿಗೂ ಬೇಕು, ಕಾಲೇಜಿಗೂ ಬೇಕು, ಊರಿನ ಕ್ಲಬ್ಬಿಗೂ ಬೇಕು. ಚಳಿಗಾಲದಲ್ಲೇ ಕಾಲೇಜುಗಳ ದೊಡ್ಡ ಸ್ಪರ್ಧೆ ಸಿಗರ್ಸನ್ ಕಪ್, ಅದರ ಬೆನ್ನಿಗೆ ರಾಷ್ಟ್ರೀಯ ಲೀಗ್. ಮೂವರು ಕೋಚ್‌ಗಳೂ ತಮ್ಮ ಲೆಕ್ಕದಲ್ಲಿ ಸರಿಯಾಗಿಯೇ ತರಬೇತಿ ಕೊಡುತ್ತಾರೆ. ಮೂರನ್ನೂ ಕೂಡಿಸಿ ನೋಡುವವರು ಯಾರು? 2016ರ ಕೌಂಟಿ ಆಟಗಾರರ ಬಗ್ಗೆ ಐರ್ಲೆಂಡ್‌ನ ಆರ್ಥಿಕ ಮತ್ತು ಸಾಮಾಜಿಕ ಸಂಶೋಧನಾ ಸಂಸ್ಥೆ ನಡೆಸಿದ ಅಧ್ಯಯನ 2018ರಲ್ಲಿ ಹೊರಬಂತು. ಈ ಆಟಕ್ಕಾಗಿ ವಾರಕ್ಕೆ 31 ಗಂಟೆಯವರೆಗೆ ಹೋಗುತ್ತಿತ್ತು ಎಂಬುದು ಅದರಲ್ಲಿ ಕಂಡುಬಂತು. ಸಂಬಳವಿಲ್ಲದ ಇನ್ನೊಂದು ನೌಕರಿ ಎನ್ನದೆ ಇದಕ್ಕೆ ಏನೆನ್ನೋಣ?

ಈಗ ದೇಹದ ವಿಷಯಕ್ಕೆ ಬರೋಣ. ಬಿಡುವಿನ ನಂತರ ಮತ್ತೆ ಓಡಲು ಶುರು ಮಾಡಿದರೆ ಕೆಲವೇ ವಾರಗಳಲ್ಲಿ ಏದುಸಿರು ಕಡಿಮೆಯಾಗುತ್ತದೆ. ಹೃದಯ, ಶ್ವಾಸಕೋಶ ಬೇಗ ಹೊಂದಿಕೊಳ್ಳುತ್ತವೆ. ಸ್ನಾಯುವನ್ನು ಮೂಳೆಗೆ ಬಿಗಿದಿರುವ ಸ್ನಾಯುರಜ್ಜುಗಳು ಹಾಗಲ್ಲ, ಅವು ಗಟ್ಟಿಯಾಗಲು ತಿಂಗಳುಗಳೇ ಬೇಕು. ಹಾಗಾಗಿ "ನಾನೀಗ ಫಿಟ್" ಎಂದು ಅನಿಸುವ ಹೊತ್ತಿಗೆ ಕಾಲು ಇನ್ನೂ ತಯಾರಾಗಿರುವುದಿಲ್ಲ. ಅಪಾಯ ಇರುವುದು ಈ ನಡುವಿನ ವಾರಗಳಲ್ಲಿ.

ಗೇಲಿಕ್ ಫುಟ್‌ಬಾಲ್‌ನಲ್ಲಿ ಅತಿ ಹೆಚ್ಚು ಪೆಟ್ಟಾಗುವುದು ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯುವಿಗೆ. ಕೌಂಟಿ ಆಟಗಾರರ ಗಾಯಗಳಲ್ಲಿ ಸುಮಾರು ನಾಲ್ಕರಲ್ಲೊಂದು ಇದೇ. ಜೋರಾಗಿ ಓಡುವಾಗ ಮುಂದೆ ಚಾಚಿದ ಕಾಲು ನೆಲ ಮುಟ್ಟುವ ಮುಂಚೆ ಈ ಸ್ನಾಯು ಒಂದೇ ಹೊತ್ತಿಗೆ ಹಿಗ್ಗಬೇಕು, ಕಾಲನ್ನು ಹಿಡಿದು ನಿಲ್ಲಿಸಲೂಬೇಕು. ನಿಧಾನ ಓಟದಿಂದ ಇದಕ್ಕೆ ಅಭ್ಯಾಸವಾಗುವುದಿಲ್ಲ. ಪೂರ್ಣ ವೇಗದ ಓಟವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಹೋಗಬೇಕು. ಪಂದ್ಯದಲ್ಲಿ ಆ ಆಯ್ಕೆಯೇ ಇಲ್ಲ, ಎದುರಾಳಿ ಓಡಿದರೆ ನೀವೂ ಓಡಲೇಬೇಕು. ಒಮ್ಮೆ ಪೆಟ್ಟಾದ ಸ್ನಾಯುವಿಗೆ ಮತ್ತೆ ಪೆಟ್ಟಾಗುವ ಸಾಧ್ಯತೆಯೂ ಹೆಚ್ಚು.

ಆಟಗಾರರ ಮೇಲಿನ ಹೊರೆಯ ಮಾತು ಬಹಳ ಕಾಲ ನಡೆದ ಮೇಲೆ, ಆಟವನ್ನು ನಡೆಸುವ ಗೇಲಿಕ್ ಅಥ್ಲೆಟಿಕ್ ಅಸೋಸಿಯೇಷನ್ 2025ರ ಸೀಸನ್‌ಗೆ ಈ ನಾಲ್ಕೂ ಟೂರ್ನಿಗಳನ್ನು ಕೈಬಿಟ್ಟಿತ್ತು. ಹಾಗಾದರೆ ಟೂರ್ನಿಗಳೇ ಖಳನಾಯಕರೇ? ನಮಗೆ ಹಾಗೆ ಅನಿಸುವುದಿಲ್ಲ. ಬೆಂಚಿನಲ್ಲಿ ಕೂರುವ ಹುಡುಗನಿಗೆ ಕೌಂಟಿ ಅಂಗಿ ಸಿಗುವುದು ಹೆಚ್ಚಾಗಿ ಇಲ್ಲೇ. ಹೊಸ ನಿಯಮಗಳ ಪರೀಕ್ಷೆಯೂ ಇಲ್ಲಿ ನಡೆದಿದೆ. ಕೈಯಿಂದ ಸತತ ಮೂರೇ ಪಾಸ್ ಎಂಬ ಮಿತಿಯನ್ನು 2019ರ ಸೀಸನ್‌ಗೆ ಮುಂಚೆ ಇವುಗಳಲ್ಲೇ ಆಡಿಸಿ ನೋಡಿದರು. ರಾಷ್ಟ್ರೀಯ ಲೀಗ್ ಶುರುವಾಗುವ ಮೊದಲೇ ಅದನ್ನು ಕೈಬಿಟ್ಟರು. ಅಲ್ಲದೆ ಟೂರ್ನಿ ನಿಂತರೆ ತಂಡಗಳು ತಮ್ಮ ತಮ್ಮಲ್ಲೇ ಅಭ್ಯಾಸ ಪಂದ್ಯ ಇಟ್ಟುಕೊಳ್ಳಬಹುದು. ಆಗ ಹೊರೆ ಹೋಗಿರುವುದಿಲ್ಲ, ಬರೀ ಹೆಸರು ಬದಲಾಗಿರುತ್ತದೆ. ಏನನ್ನೂ ಆಡದೆ ನೇರ ಲೀಗ್‌ಗೆ ಇಳಿಯುವುದೂ ದೇಹಕ್ಕೆ ಒಳ್ಳೆಯದಲ್ಲ. ಪಂದ್ಯ ಬೇಕು, ಆದರೆ ಮೊದಲು 20 ನಿಮಿಷ, ಮುಂದಿನ ವಾರ 35 ನಿಮಿಷ, ಹೀಗೆ ಅಳೆದು ಆಡಿಸಬೇಕು. ಜೊತೆಗೆ ಅದೇ ವಾರ ಕಾಲೇಜಿನ ಕೋಚ್ ಏನು ಮಾಡಿಸಿದ ಎಂಬುದು ಕೌಂಟಿಯ ಕೋಚ್‌ಗೆ ಗೊತ್ತಿರಬೇಕು.

ನಿಮ್ಮ ಮನೆಯಲ್ಲೂ ಶಾಲೆಯ ತಂಡ, ಕ್ಲಬ್, ಬೇಸಿಗೆ ಶಿಬಿರ ಎಂದು ಎರಡು ಮೂರು ಕಡೆ ಆಡುವ ಮಕ್ಕಳಿದ್ದರೆ ಒಂದು ಹಾಳೆಯಲ್ಲಿ ವಾರದ ಒಟ್ಟು ಗಂಟೆ ಬರೆದು ಎಲ್ಲ ಕೋಚ್‌ಗಳಿಗೂ ತೋರಿಸಿ. ಹ್ಯಾಮ್‌ಸ್ಟ್ರಿಂಗ್‌ಗೆಂದೇ ನಾರ್ಡಿಕ್ ಎಂಬ ವ್ಯಾಯಾಮವಿದೆ. ಮಂಡಿಯೂರಿ ಕೂತು, ಹಿಂದಿನಿಂದ ಒಬ್ಬರು ಕಾಲಿನ ಗಂಟನ್ನು ಹಿಡಿದಿರುವಾಗ, ಮೈಯನ್ನು ನೆಟ್ಟಗಿಟ್ಟು ಸಾಧ್ಯವಾದಷ್ಟು ನಿಧಾನವಾಗಿ ಮುಂದಕ್ಕೆ ಬಾಗುವುದು. ಇದನ್ನು ತರಬೇತಿಯಲ್ಲಿ ಸೇರಿಸಿಕೊಂಡ ತಂಡಗಳಲ್ಲಿ ಈ ಗಾಯ ಸುಮಾರು ಅರ್ಧಕ್ಕೆ ಇಳಿದದ್ದನ್ನು ಹಲವು ಅಧ್ಯಯನಗಳು ಒಟ್ಟಾಗಿ ತೋರಿಸಿವೆ. ಮೊದಮೊದಲು ಮೈಕೈ ನೋವು ಬರುತ್ತದೆ, ಆದ್ದರಿಂದ ಪಂದ್ಯದ ಹಿಂದಿನ ದಿನ ಶುರು ಮಾಡಬೇಡಿ. ಓಡುವಾಗ ತೊಡೆಯ ಹಿಂದೆ ಚುಚ್ಚಿದಂತೆ ಥಟ್ಟನೆ ನೋವು ಬಂದರೆ ಅಂದಿನ ಆಟ ಅಲ್ಲಿಗೇ ನಿಲ್ಲಿಸಿ, ಫಿಸಿಯೊಥೆರಪಿಸ್ಟ್‌ಗೆ ತೋರಿಸಿ.